ಚೆಕ್‌ಪೋಸ್ಟ್ ದಾಟಿದ ಎಂಟು ಮೆಷಿನ್ನು

2017ರ ಜುಲೈ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಎಂಟು ಹೊಲಿಗೆ ಮೆಷಿನ್ನುಗಳು ಟ್ರ್ಯಾಕ್ಟರ್ ಹತ್ತಿ ಆಂಧ್ರ ಬಿಟ್ಟು ಕರ್ನಾಟಕಕ್ಕೆ ಹೊರಟವು. ಅವುಗಳ ಒಡತಿ, ನಮ್ಮೂರಿನ ಮೈಲಾರಮ್ಮ, ಟ್ರೇಲರಿನಲ್ಲಿ ಮೆಷಿನ್ನುಗಳ ನಡುವೆ ಕಾಲೂರಿ ನಿಂತು ಹಗ್ಗ ಹಿಡಿದಿದ್ದಳು. ಹಿಂದೆ ಏಳು ಹೆಂಗಸರು ದಾರದ ಕೋನು, ಕತ್ತರಿ, ಬುತ್ತಿ ಹೊತ್ತು ನಡೆದಿದ್ದರು. ದೂರ ನಾಲ್ಕೇ ಕಿಲೋಮೀಟರು. ಬಳ್ಳಾರಿ ರಸ್ತೆ ಸೇರಿ, ತೆರಿಗೆ ಚೆಕ್‌ಪೋಸ್ಟ್ ದಾಟಿ, ಇನ್ನೊಂದು ಕೂಗಳತೆ ಹೋದರೆ ಹುಲುಗಪ್ಪನ ಶೆಡ್ಡು ಸಿಗುತ್ತದೆ.

ಒಂದನೇ ತಾರೀಖಿನಿಂದ ಆ ಚೆಕ್‌ಪೋಸ್ಟಿನ ಅಡ್ಡಗೋಲು ಮೇಲೆದ್ದೇ ನಿಂತಿತ್ತು. ದೇಶಕ್ಕೆಲ್ಲ ಒಂದೇ ತೆರಿಗೆ ಬಂದಿತ್ತು. ಕೆಳಗೆ ಹಾದುಹೋಗುವಾಗ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಸಣ್ಣಕ್ಕ ಗೋಲನ್ನು ನೋಡಿ ನಕ್ಕಳು.

"ಹಿಂದ ಒಂದು ಗಂಟು ಬಟ್ಟಿ ಒಯ್ದ್ರೂ ಚೀಟಿ ಕೇಳ್ತಿದ್ರು. ಈಗ ಕಾರ್ಖಾನೀನ ಹೊತ್ಕೊಂಡು ಹೊಂಟೀವಿ, ಮಾತಾಡ್ಸೋರಿಲ್ಲ ನೋಡ್ರಿ."

ಗೇಟು ತೆರೆದ ತಿಂಗಳಲ್ಲೇ ಮೈಲಾರಮ್ಮ ಗಡಿ ದಾಟಬೇಕಾಗಿ ಬಂದದ್ದು ಹೇಗೆ ಎಂಬುದನ್ನು ಹೇಳಬೇಕಾದರೆ ಅವಳ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಅವಳು ನೇಮಕಲ್ಲಿನ ಕಡೆಯ ಕುರಿ ಸಾಕುವ ಮನೆಯ ಮಗಳು. ಮದುವೆಯಾಗಿ ಬಂದದ್ದೂ ಕುರಿ ಸಾಕುವ ಮನೆಗೇ. ಗಂಡ ಬೊಮ್ಮಪ್ಪ ಹಿಂಡಿನ ಹಿಂದೆ ಹೋದರೆ ಸಂಜೆಗೇ ಮರಳುವುದು. ಮಾತು ಕಡಿಮೆ, ಲೆಕ್ಕ ಚುರುಕು. ಇಪ್ಪತ್ತೊಂದನೇ ವಯಸ್ಸಿಗೆ ಮೈಲಾರಮ್ಮ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಗಂಡ ಊರಲ್ಲಿ, ಹೆಂಡತಿ ಬೆಂಗಳೂರಲ್ಲಿ. ಊರಿನವರಿಗೆ ಅದು ವಿಚಿತ್ರವಾಗಿ ಕಂಡರೂ ಅವರಿಬ್ಬರಿಗೆ ಹಾಗೆ ಕಾಣಲಿಲ್ಲ. ಹನ್ನೊಂದು ವರ್ಷ ಅವಳು ಹೊಲಿದದ್ದು ಒಂದೇ ಹೊಲಿಗೆ, ಪ್ಯಾಂಟಿನ ಎಡಗಡೆಯ ಜೇಬು. ಆದರೆ ಊಟದ ಬಿಡುವಿನಲ್ಲಿ ಬುತ್ತಿಯನ್ನು ಐದು ನಿಮಿಷದಲ್ಲಿ ಮುಗಿಸಿ ಲೈನಿನ ಹಿಂದೆ ಓಡಾಡುತ್ತಿದ್ದಳು. ಸೊಂಟಪಟ್ಟಿ ಹೊಲಿಯುವವಳ ಪಕ್ಕ ನಿಂತು ನೋಡುವುದು, ಜಿಪ್ಪು ಹಾಕುವವಳನ್ನು ಕೇಳಿ ಒಂದು ಪೀಸು ಹೊಲಿದು ನೋಡುವುದು. ಹೀಗೆ ಜೇಬಿನಿಂದ ಶುರುವಾಗಿ ಇಡೀ ಪ್ಯಾಂಟು ಅವಳ ಕೈಗೆ ಬಂತು. ಮಡಕಶಿರದ ಕೃಷ್ಣವೇಣಿ ಅವಳ ಪಕ್ಕದ ಮೆಷಿನ್ನಿನವಳು, ಬಾಡಿಗೆ ಕೋಣೆಯಲ್ಲೂ ಜೊತೆಗಿದ್ದವಳು. ಇವಳ 'ಯಾಕ' ಕೇಳಿ ಅವಳು ನಗುವುದು, ಅವಳ 'ಕಣಕ್ಕ' ಕೇಳಿ ಇವಳು ಅಣಕಿಸುವುದು. ಹನ್ನೊಂದು ವರ್ಷವೂ ಈ ಜಗಳ ತೀರಲಿಲ್ಲ.

2014ರಲ್ಲಿ ಮೈಲಾರಮ್ಮ ಊರಿಗೆ ಮರಳಿದಳು. ಅದಕ್ಕೆ ಕಾರಣ ಅವಳೇ ಕಂಡುಕೊಂಡ ಒಂದು ಸಂಗತಿ. ರಜೆಗೆ ಬಂದಾಗ ರಾಯದುರ್ಗದ ಓಣಿಗಳಲ್ಲಿ ಮನೆಮನೆಯೊಳಗೆ ಜೀನ್ಸ್ ಪ್ಯಾಂಟು ಹೊಲಿಯುವುದನ್ನು ನೋಡಿದ್ದಳು. ಬಟ್ಟೆ ಕತ್ತರಿಸುವುದು ಬಳ್ಳಾರಿಯಲ್ಲಿ, ಹೊಲಿಯುವುದು ಇಲ್ಲಿ, ಒಗೆದು ಬಣ್ಣ ಇಳಿಸುವುದು ಮತ್ತೆ ಬಳ್ಳಾರಿಯಲ್ಲಿ. ಕೆಲಸವೇ ಮನೆ ಬಾಗಿಲಿಗೆ ಬರುತ್ತಿರುವಾಗ ತಾನೇಕೆ ದೂರ ಇರಬೇಕು? ಅದಕ್ಕೂ ಸ್ವಲ್ಪ ಹಿಂದೆ ಆಂಧ್ರದಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ ಮೂರು ದಿನ ಕರೆಂಟ್ ಇಲ್ಲದ ಕಾಲ ಒಂದಿತ್ತು. ಆಗ ನಷ್ಟಕ್ಕೆ ಬಿದ್ದು ಮುಚ್ಚಿದ ಒಂದು ಘಟಕದ ಮೆಷಿನ್ನುಗಳು ಗೋಣಿಚೀಲ ಹೊದ್ದು ರಾಯದುರ್ಗದಲ್ಲಿ ಮೂಲೆಗೆ ಬಿದ್ದಿದ್ದವು. ಕರೆಂಟಿನ ನೀತಿ ಒಬ್ಬರ ಬಾಗಿಲು ಮುಚ್ಚಿಸಿತ್ತು. ಕರೆಂಟ್ ಸರಿಯಾದ ಮೇಲೆ ಅದೇ ಮೆಷಿನ್ನುಗಳು ಅರ್ಧ ಬೆಲೆಗೆ ಮೈಲಾರಮ್ಮನಿಗೆ ಸಿಕ್ಕವು. ಕುರಿ ಹಟ್ಟಿಯ ಪಕ್ಕದ ಕೊಟ್ಟಿಗೆಗೆ ಸಿಮೆಂಟು ಹಾಕಿಸಿದಳು. ಕೂಲಿಗೆ ಹೋಗುತ್ತಿದ್ದ ಏಳು ಹೆಂಗಸರಿಗೆ ಮೂರು ತಿಂಗಳು ಹಳೆ ಬಟ್ಟೆಯ ಮೇಲೆ ಹೊಲಿಗೆ ಕಲಿಸಿದಳು. ಬಳ್ಳಾರಿಯ ಸಾವ್ಕಾರ ಗಾದಿಲಿಂಗಪ್ಪ ಮೊದಲ ಸಲ ಐವತ್ತು ಪ್ಯಾಂಟಿನ ಬಟ್ಟೆ ಕೊಟ್ಟು ನೋಡಿದ. ಎರಡನೇ ಸಲ ಐನೂರಕ್ಕೆ ಕೊಟ್ಟ. ಅಲ್ಲಿಂದ ಮೂರು ವರ್ಷ ಮೆಷಿನ್ನುಗಳು ಸುಮ್ಮನಿದ್ದ ದಿನವಿಲ್ಲ.

ಹೊಸ ತೆರಿಗೆ ಬಂದ ವಾರವೇ ಗಾದಿಲಿಂಗಪ್ಪ ಕೆಲಸ ನಿಲ್ಲಿಸಿದ. ಅವನ ಲೆಕ್ಕಿಗ ಹೇಳಿದ ನಿಯಮ ಹೀಗಿತ್ತು. ಒಂದೇ ರಾಜ್ಯದೊಳಗೆ ಕೂಲಿಗೆ ಹೊಲಿದು ಕೊಡುವವರ ವರ್ಷದ ವ್ಯವಹಾರ ಇಪ್ಪತ್ತು ಲಕ್ಷ ಮೀರದಿದ್ದರೆ ತೆರಿಗೆ ನೋಂದಣಿ ಬೇಡ. ಆದರೆ ಒಂದು ರಾಜ್ಯದಲ್ಲಿ ಹೊಲಿದು ಇನ್ನೊಂದು ರಾಜ್ಯದವರಿಗೆ ಕೊಟ್ಟರೆ ಎಷ್ಟೇ ಸಣ್ಣವರಾದರೂ ನೋಂದಣಿ ನಂಬರ್ ಇರಲೇಬೇಕು. ಬಳ್ಳಾರಿಯ ಸುತ್ತಲಿನ ಹಳ್ಳಿಗಳಲ್ಲಿ ಹೊಲಿಯುವವರಿಗೆ ಏನೂ ಆಗಲಿಲ್ಲ. ನಮ್ಮ ಕಡೆ ಒಂದೇ ವಾರದಲ್ಲಿ ಎಷ್ಟೋ ಮನೆಗಳ ಮೆಷಿನ್ನು ನಿಂತವು. ಆ ಮನೆಗಳಿಗೂ ಬಳ್ಳಾರಿಗೂ ಇರುವ ದೂರ ಒಂದು ಗೇಣೂ ಬದಲಾಗಿರಲಿಲ್ಲ.

ನಂಬರ್ ಮಾಡಿಸಿಕೊಳ್ಳಬಹುದಿತ್ತಲ್ಲ ಎಂದು ಈಗ ಯಾರಾದರೂ ಕೇಳಬಹುದು. ಆಗ ಊರೆಲ್ಲ ಒಂದೇ ಮಾತು: ನಂಬರ್ ಮಾಡಿಸಿದವರು ಸರ್ಕಾರದ ಕಣ್ಣಿಗೆ ವ್ಯಾಪಾರಸ್ಥರು, ವ್ಯಾಪಾರಸ್ಥರಿಂದ ಬಡವರ ಬಿಳಿ ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರೆ, ಕುರಿ ಸಾಲವೂ ಸಿಗುವುದಿಲ್ಲ. ಯಾರು ಹೇಳಿದರು ಎಂದರೆ ಎಲ್ಲರೂ ಇನ್ನೊಬ್ಬರ ಹೆಸರು ಹೇಳುತ್ತಿದ್ದರು. ಮೈಲಾರಮ್ಮನೂ ನಂಬಿದಳು. ಕೆಲಸ ಸಿಗದಿದ್ದರೆ ಮೆಷಿನ್ನು ಮಾರಿ ಮತ್ತೆ ಬೆಂಗಳೂರಿನ ಎಡಗಡೆಯ ಜೇಬಿಗೆ ಹೋಗಬೇಕು. ಅವಳ ಜೊತೆ ಆ ಏಳು ಜನರಲ್ಲಿ ನಾಲ್ವರಾದರೂ ಬಸ್ಸು ಹತ್ತಬೇಕು. ಆಗ ಅವಳಿಗೆ ಹೊಳೆದದ್ದೇ ಈ ದಾರಿ. ನಿಯಮ ಗಡಿಯನ್ನು ನೋಡುತ್ತದೆ ಎಂದಾದರೆ ಗಡಿಯನ್ನೇ ದಾಟಿಬಿಡುವುದು!

ಹುಲುಗಪ್ಪ ಅವಳ ತಂಗಿಯ ಗಂಡನ ಕಡೆಯವನು. ಅವನ ಮನೆ ಕರ್ನಾಟಕದ ಹಳ್ಳಿಯಲ್ಲಿ. ರಸ್ತೆ ಬದಿಯ ಅವನ ಹೊಲದಲ್ಲಿ ದೊಡ್ಡ ತಗಡಿನ ಶೆಡ್ಡು ಖಾಲಿ ಬಿದ್ದಿತ್ತು. ಓಬಳಾಪುರದ ಕಡೆಯಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಅದು ಡ್ರೈವರುಗಳ ಹೋಟೆಲು. ಗಣಿ ನಿಂತಾಗ ಲಾರಿ ನಿಂತವು, ಲಾರಿ ನಿಂತಾಗ ಒಲೆ ಆರಿತು. ಕರೆಂಟಿನ ಸಂಪರ್ಕ ಮಾತ್ರ ಉಳಿದಿತ್ತು. ಮೈಲಾರಮ್ಮ ಬಾಡಿಗೆ ಕೇಳುವಾಗ ಕಾರಣ ಹೇಳಲಿಲ್ಲ. ತನಗೆ ಕರ್ನಾಟಕದ ಜಾಗವೇ ಬೇಕು ಎಂದು ಗೊತ್ತಾದರೆ ಹುಲುಗಪ್ಪ ಬಾಡಿಗೆ ಏರಿಸುತ್ತಾನೆ ಎಂಬ ಜಾಣತನ. ಊರಲ್ಲಿ ಜಾಗ ಸಾಲದು ಎಂದಷ್ಟೇ ಹೇಳಿದಳು. ಕರೆಂಟ್ ಬಿಲ್ಲೂ ಸೇರಿಸಿ ಅವನು ಒಂದು ಬಾಡಿಗೆ ಹೇಳಿದ, ಇವಳು ಒಪ್ಪಿದಳು.

ಗೋಡೆಯ ಮೇಲಿನ ಕೆಂಪು ಧೂಳನ್ನು ತೊಳೆದು ಸುಣ್ಣ ಬಳಿದರು. ಕರ್ನಾಟಕಕ್ಕೆ ಬಂದೆ ಎಂದು ಮೈಲಾರಮ್ಮ ಫೋನು ಮಾಡಿದ ಮರುದಿನವೇ ಗಾದಿಲಿಂಗಪ್ಪನ ಆಟೋ ಬಂತು. ವಿಳಾಸದ ದಾಖಲೆಯನ್ನು ತಿಂಗಳೊಳಗೆ ಕೊಡು ಎಂದಿದ್ದ. ಎಂಟು ಮೆಷಿನ್ನು ಒಟ್ಟಿಗೆ ಗುಯ್ಯೆಂದಾಗ ತಗಡಿನ ಶೆಡ್ಡು ನಡುಗಿತು. ಹೆಂಗಸರು ದಿನಾ ಬೆಳಿಗ್ಗೆ ಬೇರೆ ರಾಜ್ಯಕ್ಕೆ ನಡೆದು ಹೋಗಿ ಸಂಜೆ ವಾಪಸು ಬರುತ್ತಿದ್ದರು. ಫಾರಿನ್ ಕೆಲಸ ನಮ್ಮದು ಎಂದು ಸಣ್ಣಕ್ಕ ಊರಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಆಗಸ್ಟ್ ಮೊದಲ ವಾರದ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಒಂದು ಬೈಕು ನಿಂತಿತು. ಇಳಿದವನು ಓಬುಲೇಶ್. ನಮ್ಮೂರಿನ ಮನೆಗಳಿಗೆ ಪ್ರತಿ ತಿಂಗಳು ಬಂದು ಕರೆಂಟ್ ಮೀಟರು ನೋಡಿ ಬಿಲ್ಲು ಹರಿದುಕೊಡುವ ಹುಡುಗ. ಅವನೂ ಬೆರಗಾಗಿ ಬಾಗಿಲಲ್ಲೇ ನಿಂತ.

"ಯಕ್ಕಾ, ನೀವಿಲ್ಲಿ ಏನ್ ಮಾಡಾಕತ್ತೀರಿ?"

"ನಮ್ಮನ್ನೇನು ಕೇಳ್ತೀಯೋ? ನೀ ಯಾಕ ಕರ್ನಾಟಕಕ್ಕ ಬಂದಿ ಅದನ್ನ ಹೇಳು," ಎಂದಳು ಸಣ್ಣಕ್ಕ.

"ಯಾವ ಕರ್ನಾಟಕ? ಕರ್ನಾಟಕ ಆ ಹಳ್ಳದ ಆಚಿಗೆ ಐತಿ. ಇದು ಆಂಧ್ರ, ನಂದೇ ಲೈನು."

ಮೆಷಿನ್ನುಗಳು ಒಂದೊಂದಾಗಿ ನಿಂತವು. ಓಬುಲೇಶ್ ಗೋಡೆಯ ಮೀಟರು ಓದಿ ಕೈಯಲ್ಲಿದ್ದ ಯಂತ್ರದಿಂದ ಬಿಲ್ಲು ತೆಗೆದ. ಉದ್ದನೆಯ ಬಿಳಿ ಚೀಟಿ. ಅದರ ಮೇಲೆ ಮೇಲಿನಿಂದ ಕೆಳಗಿನವರೆಗೂ ತೆಲುಗು.

ನಡೆದದ್ದು ಇಷ್ಟು. ಹಿಂದೆ ಚೆಕ್‌ಪೋಸ್ಟ್ ಹಾಕಿದವರು ಅದನ್ನು ಗಡಿಯ ಗೆರೆಯ ಮೇಲೆ ಹಾಕಿರಲಿಲ್ಲ. ನೀರು, ಬೇವಿನ ನೆರಳು, ಲಾರಿ ನಿಲ್ಲುವಷ್ಟು ಅಗಲ ಇರುವ ಕಡೆ, ಗೆರೆಗಿಂತ ಒಂದೂವರೆ ಕಿಲೋಮೀಟರು ಈಚೆಗೇ ಹಾಕಿದ್ದರು. ನಲವತ್ತು ವರ್ಷ ನಮ್ಮ ಜನರಿಗೆ ಗಡಿಯೆಂದರೆ ಆ ಅಡ್ಡಗೋಲು. ಬಸ್ಸು ಅಲ್ಲಿ ನಿಧಾನವಾದರೆ ಮಕ್ಕಳು ಕರ್ನಾಟಕ ಬಂತು ಎಂದು ಕೂಗುತ್ತಿದ್ದರು. ನಾನೂ ಕೂಗಿದ್ದೇನೆ. ಹುಲುಗಪ್ಪನನ್ನು ಕೇಳಿದರೆ ಅವನು ಮುಚ್ಚಿಟ್ಟದ್ದೇನೂ ಇರಲಿಲ್ಲ.

"ನನ್ ಮನಿ ಕರ್ನಾಟಕ, ಹೊಲ ಆಂಧ್ರ. ನಮ್ಮಜ್ಜನ ಕಾಲದಿಂದ ಹಂಗೇ ಐತಿ. ನೀ ಕೇಳಿದ್ಯಾ ತಂಗಿ?"

ಕೇಳಿರಲಿಲ್ಲ. ಕೇಳಬಾರದೆಂದೇ ಕೇಳಿರಲಿಲ್ಲ.

ಹುಲುಗಪ್ಪನ ಮನೆಯ ರೇಷನ್ ಕಾರ್ಡನ್ನೇ ದಾಖಲೆ ಎಂದು ಕೊಟ್ಟುಬಿಡೋಣ ಎಂದು ಒಬ್ಬಳು ಹೇಳಿದಳು. ಮೈಲಾರಮ್ಮ ಒಪ್ಪಲಿಲ್ಲ. ಮೂರು ವಾರ ತಿಳಿಯದೆ ಸುಳ್ಳು ಹೇಳಿದ್ದಾಯಿತು, ತಿಳಿದ ಮೇಲೆ ಹೇಳುವುದು ಬೇಡ ಎಂದಳು. ಮರುದಿನವೇ ಬಸ್ಸು ಹತ್ತಿ ಬಳ್ಳಾರಿಗೆ ಹೋಗಿ ಗಾದಿಲಿಂಗಪ್ಪನ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ಸಿಟ್ಟಾದ. ಕೈಯಲ್ಲಿರುವ ಪೀಸು ಮುಗಿಸಿ ಕೊಡು, ಅಲ್ಲಿಗೆ ಸಾಕು ಎಂದ.

"ನಂಬರ್ ಮಾಡ್ಸು, ಇಲ್ಲ ಮೆಷಿನ್ನು ಮಾರು. ನಡೂವ ಇನ್ನೊಂದು ದಾರಿ ಇಲ್ಲವ್ವಾ. ನಿನಗೋಸ್ಕರ ನಾ ದಂಡ ಕಟ್ಟಾಕ ಆಗಾಂಗಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಅವಳು ಕೃಷ್ಣವೇಣಿಗೆ ಫೋನು ಮಾಡಿದಳು. ಬೆಂಗಳೂರಿನಲ್ಲಿ ಮತ್ತೆ ಒಂದು ಮೆಷಿನ್ನು ಖಾಲಿ ಇದೆಯೇ ಎಂದು ಕೇಳಲು. ಆದರೆ ಕೃಷ್ಣವೇಣಿ ಬೆಂಗಳೂರಿನಲ್ಲೇ ಇರಲಿಲ್ಲ. ಆರು ತಿಂಗಳಿಂದ ನಮ್ಮ ಆಂಧ್ರದ್ದೇ ಆದ ಹಿಂದೂಪುರದ ಮಕ್ಕಳ ಉಡುಪಿನ ಘಟಕದಲ್ಲಿ ಮೇಲ್ವಿಚಾರಕಿ, ಮಡಕಶಿರದಿಂದಲೇ ದಿನಾ ಬಸ್ಸಿನಲ್ಲಿ ಓಡಾಟ. ಎಲ್ಲವನ್ನೂ ಕೇಳಿ ಅವಳು ಗದರಿಸಿಬಿಟ್ಟಳು.

"ನಂಬರ್ ಇರೋ ಹೊಲಿಗೆಯೋರು ಎಲ್ಲವ್ರೆ ಅಂತ ನಾನು ಜಿಲ್ಲೆಯೆಲ್ಲ ಹುಡುಕ್ತಾ ಇವ್ನಿ ಕಣಕ್ಕ. ಎಲ್ರೂ ಕಾರ್ಡು ಹೋಗುತ್ತೆ ಅಂತ ಹೆದರ್ಕೊಂಡು ಕೂತವ್ರೆ. ಮಕ್ಕಳ ಚಡ್ಡಿ ನಾಕು ಸಾವಿರ ಕತ್ತರ್ಸಿ ಮಡಗೈತೆ. ನಿಂಗೆ ಬೇಕಾ, ಬ್ಯಾಡ್ವಾ?"

ಮೈಲಾರಮ್ಮನಿಗೆ ಆಗ ಇಡೀ ಸಂತೆ ಒಮ್ಮೆಗೇ ಕಣ್ಣ ಮುಂದೆ ನಿಂತ ಹಾಗಾಯಿತಂತೆ. ನಂಬರ್ ಇರುವವರಿಗೆ ಕೆಲಸ ಕೊಟ್ಟರೆ ಅವರಿಗೆ ಕಟ್ಟಿದ ತೆರಿಗೆಯನ್ನು ಘಟಕದವರು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು, ಲೆಕ್ಕವೂ ಚೊಕ್ಕ. ಹಾಗಾಗಿ ಕೊಳ್ಳುವವರೆಲ್ಲ ನಂಬರ್ ಇರುವವರನ್ನು ಹುಡುಕುತ್ತಿದ್ದರು, ಹೊಲಿಯುವವರೆಲ್ಲ ನಂಬರ್ ಎಂದರೆ ಓಡುತ್ತಿದ್ದರು. ಎಲ್ಲರೂ ಹಿಂದೆ ಸರಿದಿರುವ ಕಡೆ ಮುಂದೆ ನಿಂತವರಿಗೆ ಬೇಡಿಕೆ. ಗಡಿಯ ಯಾವ ಮಗ್ಗುಲಲ್ಲಿ ಕೂರಬೇಕು ಎಂದು ಅವಳು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದಳು. ಕೇಳಬೇಕಾದ ಪ್ರಶ್ನೆ ಅದಾಗಿರಲೇ ಇಲ್ಲ. ರೇಷನ್ ಕಾರ್ಡಿನ ವಿಷಯ ಹೇಗೆ ಎಂದು ಕೇಳಿದ್ದಕ್ಕೆ ಕೃಷ್ಣವೇಣಿ, ತನಗೆ ಗೊತ್ತಿರುವ ಮೂವರು ನಂಬರ್ ಮಾಡಿಸಿದ್ದಾರೆ, ಮೂವರ ಮನೆಗೂ ಆ ತಿಂಗಳ ಅಕ್ಕಿ ಬಂದಿದೆ ಎಂದಳು. ಆದರೆ ಮಾಲೀಕರು ಶನಿವಾರ ಸಂಜೆಯವರೆಗೆ ಮಾತ್ರ ಕಾಯುತ್ತಾರೆ. ಅಷ್ಟರೊಳಗೆ ಅರ್ಜಿ ಹಾಕಿದ ನಂಬರ್ ತೋರಿಸಿದರೂ ಸಾಕು. ಇಲ್ಲವಾದರೆ ಬಟ್ಟೆ ಬೇರೆಯವರಿಗೆ.

ಅವತ್ತು ಗುರುವಾರ. ಶುಕ್ರವಾರ ಬೆಳಿಗ್ಗೆ ಮೈಲಾರಮ್ಮ ರಾಯದುರ್ಗದ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಅಂಗಡಿಯಲ್ಲಿದ್ದಳು. ಅಂಗಡಿ ನಡೆಸುವ ಮೌನಿಕಾ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಹಿಂದಿನವಳು. ಆಧಾರ್, ಪ್ಯಾನ್ ಕಾರ್ಡು, ಹುಲುಗಪ್ಪನ ಸಹಿಯಿರುವ ಬಾಡಿಗೆ ಪತ್ರ, ಜಾಗದ ದಾಖಲೆಯಾಗಿ ಓಬುಲೇಶ್ ಹರಿದುಕೊಟ್ಟ ಅದೇ ತೆಲುಗು ಬಿಲ್ಲು, ಎಲ್ಲವೂ ಇದ್ದವು. ಕೆಲಸ ಕಳೆದ ಚೀಟಿ ಈಗ ಕೆಲಸ ತರುವ ದಾಖಲೆಯಾಗಿತ್ತು. ಶುಕ್ರವಾರವಿಡೀ ಸೈಟು ತೆರೆಯಲಿಲ್ಲ. ದೇಶವೆಲ್ಲ ಒಂದೇ ಬಾಗಿಲಿಗೆ ನುಗ್ಗಿತ್ತು. ಶನಿವಾರ ಮಧ್ಯಾಹ್ನ ಮೂರಕ್ಕೆ ಅರ್ಜಿ ಕೊನೆಯ ಪುಟಕ್ಕೆ ಬಂದು ನಿಂತಿತು. ಆಧಾರಿಗೆ ಜೋಡಿಸಿದ ಮೊಬೈಲಿಗೆ ಆರು ಅಂಕಿ ಬರುತ್ತವೆ, ಹತ್ತು ನಿಮಿಷದೊಳಗೆ ಅದನ್ನು ಹಾಕಬೇಕು ಎಂದಳು ಮೌನಿಕಾ.

ಮೈಲಾರಮ್ಮನ ಆಧಾರಿಗೆ ಜೋಡಿಸಿದ್ದು ಮನೆಯ ಹಳೆಯ ಮೊಬೈಲು, ಅದು ಬೊಮ್ಮಪ್ಪನ ಸೊಂಟದಲ್ಲಿತ್ತು. ಬೊಮ್ಮಪ್ಪ ಕುರಿಗಳ ಜೊತೆ ಗುಡ್ಡದ ಹಿಂದೆ ಇದ್ದ.

ಮೊದಲ ಸಲ ಅಂಕಿ ಹೋಯಿತು, ಗುಡ್ಡದ ಹಿಂದೆ ಸಿಗ್ನಲ್ ಇಲ್ಲದೆ ಬೊಮ್ಮಪ್ಪನ ಫೋನೇ ಸಿಗಲಿಲ್ಲ. ಹತ್ತು ನಿಮಿಷ ಕಳೆಯಿತು. ಮೈಲಾರಮ್ಮ ಶೆಡ್ಡಿಗೆ ಫೋನು ಮಾಡಿದಳು. ಸಣ್ಣಕ್ಕ ಮೆಷಿನ್ನು ಬಿಟ್ಟು ಎದ್ದು, ಓಬುಲೇಶನಿಗೆ ಹೇಳಿಕಳಿಸಿ ಅವನ ಬೈಕಿನ ಹಿಂದೆ ಕೂತು ಗುಡ್ಡದ ಬುಡಕ್ಕೆ ಹೋಗಿ, ಅಲ್ಲಿಂದ ಸೀರೆ ಎತ್ತಿಕಟ್ಟಿ ಹತ್ತಿದಳು. ಬೊಮ್ಮಪ್ಪನನ್ನು ಎತ್ತರದ ಬಂಡೆಯ ಮೇಲೆ ನಿಲ್ಲಿಸಿದಳು. ನಾಲ್ಕೂವರೆ. ಎರಡನೇ ಸಲ ಅಂಕಿ ಬಂತು. ಆದರೆ ಬೊಮ್ಮಪ್ಪ ಫೋನು ಹಚ್ಚುವಷ್ಟರಲ್ಲಿ ಸೈಟು ಕೂತುಬಿಟ್ಟಿತು. ಮತ್ತೆ ಮೊದಲಿನಿಂದ ಪುಟ ತೆರೆಯಬೇಕು. ಮೌನಿಕಾ ಮತ್ತೆ ತುಂಬತೊಡಗಿದಳು. ಅಂಗಡಿಯಲ್ಲಿ ಬೇರೆ ಕೆಲಸಕ್ಕೆ ಬಂದವರೂ ತಮ್ಮ ಕೆಲಸ ಮರೆತು ಪರದೆ ನೋಡುತ್ತ ನಿಂತರು. ಐದೂಕಾಲಿಗೆ ಮೂರನೇ ಸಲ. ಮೈಲಾರಮ್ಮ ಫೋನನ್ನು ಮೇಜಿನ ಮೇಲೆ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಆ ತುದಿಯಲ್ಲಿ ಗಾಳಿಯ ಸದ್ದು, ಕುರಿಗಳ ಸದ್ದು, ಬೇಗ ಹೇಳೋ ಎಂಬ ಸಣ್ಣಕ್ಕನ ಗದರಿಕೆ. ಬೊಮ್ಮಪ್ಪನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಅವನು ಅವಸರಪಡಲಿಲ್ಲ. ಹಟ್ಟಿಯ ಬಾಗಿಲಲ್ಲಿ ನಿಂತು ಜೋಡಿ ಜೋಡಿಯಾಗಿ ಕುರಿ ಎಣಿಸಿ ಬಿಡುವವನ ದನಿಯಲ್ಲೇ ಹೇಳಿದ.

"ಮೂವತ್ತೇಳು. ಹನ್ನೆರಡು. ತೊಂಬತ್ನಾಕು. ಮುಗೀತು, ಇನ್ನಿಲ್ಲ."

ಮೌನಿಕಾ ಒತ್ತಿದಳು. ಪರದೆಯ ಮೇಲಿನ ಚಕ್ರ ತಿರುಗಿತು, ತಿರುಗಿತು, ಹಸಿರು ಪಟ್ಟಿಯೊಂದು ತೆರೆದುಕೊಂಡಿತು. ಅರ್ಜಿ ಸ್ವೀಕರಿಸಲಾಗಿದೆ, ಅದರ ಕೆಳಗೆ ಉದ್ದನೆಯ ಒಂದು ಸಂಖ್ಯೆ. ಅಂಗಡಿಯಲ್ಲಿದ್ದ ಗುರುತಿಲ್ಲದವರೂ ಚಪ್ಪಾಳೆ ತಟ್ಟಿದರು. ಐದೂವರೆಗೆ ಆ ಸಂಖ್ಯೆಯ ಫೋಟೋ ಹಿಂದೂಪುರ ತಲುಪಿತು.

ಬುಧವಾರ ಹಿಂದೂಪುರದ ವ್ಯಾನು ಶೆಡ್ಡಿನ ಮುಂದೆ ನಿಂತು ನಾಲ್ಕು ಸಾವಿರ ಚಡ್ಡಿಯ ಗಂಟುಗಳನ್ನು ಇಳಿಸಿತು. ಜೊತೆಗೆ ಕೃಷ್ಣವೇಣಿಯೂ ಬಂದಿದ್ದಳು. ಸಂಜೆಯವರೆಗೂ ಇದ್ದು, ಅವತ್ತು ಹೊಲಿದ ಪೀಸುಗಳ ಒಂದೊಂದು ಹೊಲಿಗೆಯನ್ನೂ ಎಳೆದು ನೋಡಿ, ಎರಡು ಡಜನ್ ಬಿಚ್ಚಿಸಿ ಮತ್ತೆ ಹೊಲಿಸಿದಳು. ಗೆಳತಿ ಎಂದು ರಿಯಾಯಿತಿ ಕೊಡಲಿಲ್ಲ. ತಿಂಗಳ ಕೊನೆಗೆ ಇನ್ನೂ ಆರು ಸಾವಿರ ಬಂತು. ಮೈಲಾರಮ್ಮ ಒಂಬತ್ತನೇ, ಹತ್ತನೇ ಮೆಷಿನ್ನು ತಂದಳು. ಆ ಜುಲೈಯಲ್ಲಿ ಕೆಲಸ ನಿಂತು ಬೆಂಗಳೂರಿನ ಬಸ್ಸಿಗೆ ಗಂಟು ಕಟ್ಟಿದ್ದ ಪಕ್ಕದೂರಿನ ಇಬ್ಬರು ಹೆಂಗಸರು ಅವುಗಳ ಮುಂದೆ ಕೂತರು. ಎಲ್ಲರಿಗೂ ಹೀಗಾಗಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಸುತ್ತಿನಲ್ಲಿ ಆ ತಿಂಗಳು ಮುಚ್ಚಿದ ಮನೆಗಳಲ್ಲಿ ಕೆಲವು ಮತ್ತೆ ತೆರೆಯಲಿಲ್ಲ. ಹೋದವರಲ್ಲಿ ಕೆಲವರು ಹೋಗಿಯೇಬಿಟ್ಟರು.

ಸೆಪ್ಟೆಂಬರ್ ನಡುವಿನಲ್ಲಿ ಸರ್ಕಾರ ನಿಯಮವನ್ನು ಸಡಿಲಿಸಿತು. ಗಡಿಯ ಆಚೆಯವರಿಗೆ ಕೂಲಿಗೆ ಹೊಲಿದು ಕೊಡುವ ಸಣ್ಣವರಿಗೆ ಇನ್ನು ನಂಬರ್ ಬೇಕಿಲ್ಲ. ಎರಡೂವರೆ ತಿಂಗಳ ಹಿಂದೆಯೇ ಈ ಮಾತು ಬಂದಿದ್ದರೆ ಎಷ್ಟು ಮನೆ ಉಳಿಯುತ್ತಿತ್ತೋ ಎಂದು ಪತ್ರಿಕೆ ಓದಿ ನಾನು ಹಲುಬಿದೆ. ಮೈಲಾರಮ್ಮ ಹೊಲಿಯುತ್ತಲೇ ಕೇಳಿಸಿಕೊಂಡಳು. ಅವಳಿಗೆ ಅವತ್ತು ಸಂಜೆಯೊಳಗೆ ಮುನ್ನೂರು ಪೀಸು ಮುಗಿಸಬೇಕಿತ್ತು.

ಅದೇ ವಾರ ಗಾದಿಲಿಂಗಪ್ಪ ಫೋನು ಮಾಡಿದ. ಇನ್ನು ಯಾವ ತೊಡಕೂ ಇಲ್ಲ, ನಾಳೆಯೇ ಬಟ್ಟೆ ಕಳಿಸುತ್ತೇನೆ, ಹಳೆಯ ದರಕ್ಕೇ ಹೊಲಿದುಕೊಡು ಎಂದ. ನಂಬರ್ ಮಾಡಿಸು ಎಂದು ಗದರಿದ್ದವನೂ ಅವನೇ, ಮೂರು ವರ್ಷ ಅನ್ನ ಕೊಟ್ಟವನೂ ಅವನೇ. ಮೈಲಾರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಶೆಡ್ಡಿನ ತುದಿಯಿಂದ ತುದಿಯವರೆಗೆ ಒಮ್ಮೆ ನೋಡಿದಳು. ಹತ್ತು ಮೆಷಿನ್ನು, ಹತ್ತರ ಮುಂದೆಯೂ ಬಾಗಿದ ತಲೆ.

"ಕಳಸ್ರಿ ಸಾವ್ಕಾರ್ರೆ, ಬ್ಯಾಡ ಅನ್ನಾಂಗಿಲ್ಲ. ದರ ಮಾತಾಡಾನ, ನನ್ ನಂಬರಿನ ಬಿಲ್ಲೂ ನಾನೇ ಕೊಡ್ತೀನಿ. ಆದ್ರ ನಾಳೆ ಆಗಾಂಗಿಲ್ರಿ. ಮುಂದಿನ ಸೋಮವಾರದ ತನಕ ಮೆಷಿನ್ನು ಒಂದೂ ಖಾಲಿ ಇಲ್ಲ."